ಸಮೀಕ್ಷೆಯಲ್ಲಿ ಕೇಳಿದ ಪ್ರಶ್ನೆಯನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

‘ಜನಾಭಿಪ್ರಾಯ ಹೀಗಿದೆ’ ಎನ್ನುವ ಸಮೀಕ್ಷೆಗಳು ಈಗ ಜಾಸ್ತಿ. ಶೇಕಡಾವಾರು ಅಂಕಿ ದಪ್ಪಕ್ಷರದಲ್ಲಿ ಇರುತ್ತದೆ. ಯಾರನ್ನು ಕೇಳಿದರು, ಏನಂತ ಕೇಳಿದರು ಎಂಬುದು ಮಾತ್ರ ಇರುವುದಿಲ್ಲ.

1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮಾದರಿ ಮತಪತ್ರ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಬರೆಯಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು ಬಾಚಿಕೊಂಡು! ವಿಳಾಸ ತೆಗೆದದ್ದು ಹೆಚ್ಚಾಗಿ ಟೆಲಿಫೋನ್, ಕಾರು ಇದ್ದವರ, ಅಂದರೆ ಆ ಕಾಲದ ಉಳ್ಳವರ ಪಟ್ಟಿಯಿಂದ. ಉತ್ತರಿಸುವ ಗೋಜಿಗೇ ಹೋಗದವರ ಮನಸ್ಸೂ ಲೆಕ್ಕಕ್ಕೆ ಬರಲಿಲ್ಲ. ಎಷ್ಟೋ ಕಡಿಮೆ ಜನರನ್ನು ನೋಡಿ ಆರಿಸಿ ಕೇಳಿದ ಸಮೀಕ್ಷಕ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು.

ಪ್ರಶ್ನೆ ಕೇಳುವ ರೀತಿಯೂ ಉತ್ತರವನ್ನು ಬದಲಿಸುತ್ತದೆ. ‘ಇದನ್ನು ನಿಷೇಧಿಸಬೇಕೇ?’ ಎಂದರೆ ಹಿಂಜರಿಯುವವರು ‘ಇದಕ್ಕೆ ಅವಕಾಶ ಕೊಡಬೇಕೇ?’ ಎಂದಾಗ ಬೇಡ ಅಂದುಬಿಡುತ್ತಾರೆ. ಎರಡೂ ಒಂದೇ ಅಲ್ವಾ?

ನನ್ನ ದೊಡ್ಡ ಆತಂಕ ಬೇರೆ. ಅಚ್ಚಾದ ಅಂಕಿಯೇ ಜನರ ಮನಸ್ಸನ್ನು ತಿರುಗಿಸಬಲ್ಲದು. ತಮ್ಮ ಕಡೆ ಯಾರೂ ಇಲ್ಲ ಅನಿಸಿದವರು ಸುಮ್ಮನಾಗಿಬಿಡುತ್ತಾರೆ. ಆಮೇಲೆ ಅವರ ಮೌನವನ್ನೂ ಒಪ್ಪಿಗೆ ಅಂತ ಎಣಿಸುತ್ತಾರೆ.

ದಯವಿಟ್ಟು ಸಮೀಕ್ಷೆಯ ಜೊತೆ ಕೇಳಿದ ಪ್ರಶ್ನೆಯನ್ನು ಇದ್ದ ಹಾಗೇ ಹಾಕಿ. ಎಷ್ಟು ಜನರನ್ನು, ಹೇಗೆ ಆರಿಸಿ ಕೇಳಿದರು, ಹಣ ಕೊಟ್ಟವರು ಯಾರು ಅಂತಲೂ ಎರಡು ಸಾಲು ಬರೆಯಿರಿ.

– ಒಬ್ಬ ಓದುಗ