ಮಗಳಿಗೊಂದು ಪತ್ರ: ಕಳವಾ, ಮುಂಬ್ರಾ, ದಿವಾ

ಡೊಂಬಿವಲಿ,
ರಾತ್ರಿ 1 ಗಂಟೆ

ಪ್ರೀತಿಯ ಮಗಳೇ,

ನೀನು ಎದ್ದುಹೋದ ಮೇಲೆ ನಿನ್ನ ತಟ್ಟೆ ಬಹಳ ಹೊತ್ತು ಹಾಗೆಯೇ ಇತ್ತು. ತೂಕದ ಲೆಕ್ಕಕ್ಕೆಂದು ಅಮ್ಮ ಅಳೆದು ಬಡಿಸಿದ ಒಂದು ಹಿಡಿ ಅನ್ನ. ಅದರಲ್ಲೂ ಅರ್ಧ ಉಳಿದಿತ್ತು. ಅಮ್ಮ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೆಳಿಗ್ಗೆ ಐದಕ್ಕೆ ನೀನು ಕಲ್ಯಾಣ್ ಸ್ಟೇಷನ್ನಿಗೆ ಹೊರಡುತ್ತೀಯೆ, ಅಲ್ಲಿಂದ ಪುಣೆಯ ರೈಲು. ಆ ಗಡಿಬಿಡಿಯಲ್ಲಿ ನಾನು ಬಾಯಿ ತೆರೆದರೆ ಮತ್ತೆ ಜಗಳವೇ ಆದೀತು. ಅದಕ್ಕೆ ಬರೆದು, ನಿನ್ನ ಚೀಲದಲ್ಲಿ, ಬಾಕ್ಸಿಂಗ್ ಗ್ಲೌಸ್ ಒಳಗೆ ಸುತ್ತುವ ಕೈಪಟ್ಟಿಗಳ ಕೆಳಗೆ ಇಡುತ್ತಿದ್ದೇನೆ. ಪಂದ್ಯ ನಡೆಯುವ ಬಾಲೇವಾಡಿ ತಲುಪಿದ ಮೇಲೆ ಹೇಗೂ ಅವುಗಳನ್ನು ತೆಗೆಯಲೇಬೇಕು.

'ಅಪ್ಪಯ್ಯ, ನೀವು ಯಾರ ಕಡೆ?' ಎಂದು ಕೇಳಿದೆ. ನಾನು ಸುಮ್ಮನಿದ್ದೆ. ನಿನ್ನ ಕಡೆ, ಮಗಳೇ. ಆ ಎರಡು ಶಬ್ದ ಆಗ ಬಾಯಿಗೆ ಬರಲಿಲ್ಲ, ಕ್ಷಮಿಸು.

ಆದರೆ ನಿನ್ನ ವಾದವೂ ಪೂರ್ತಿ ಸರಿಯಿರಲಿಲ್ಲ. ಯಾರೂ ನಂಬದವರೂ ಗೆಲ್ಲುತ್ತಾರೆ ಎನ್ನಲು ನೀನು, ಟೈಸನ್‌ನನ್ನು ಕೆಡವಿದ ಬಸ್ಟರ್ ಡಗ್ಲಸ್‌ನನ್ನು ತಂದು ನಿಲ್ಲಿಸಿದೆ. 1990ರ ಫೆಬ್ರವರಿ 11, ಟೋಕಿಯೊ, ಡಗ್ಲಸ್ ವಿರುದ್ಧ ಬಾಜಿಯ ದರ 42ಕ್ಕೆ 1, ಹತ್ತನೆಯ ಸುತ್ತಿನಲ್ಲಿ ಟೈಸನ್ ನೆಲದ ಮೇಲೆ ತಡಕಾಡುತ್ತಾ ಹಲ್ಲುಕವಚ ಹುಡುಕಿದ್ದು. ಎಲ್ಲ ನಿಜ. ಆದರೆ ಟೈಸನ್ ಎದುರಾಳಿಯನ್ನು ಅರಸಿಕೊಂಡು ಮೇಲೆ ಬೀಳುವವನು. ಹಾಗೆ ಬರುವವನ ಮುಖಕ್ಕೆ ಡಗ್ಲಸ್ ತನ್ನ ಉದ್ದನೆಯ ಕೈ ಚಾಚಿ ಜಾಬ್, ಅಂದರೆ ಮುಂದಿನ ಕೈಯ ನೇರ ಪೆಟ್ಟು, ಹಾಕುತ್ತಲೇ ಇದ್ದ. ನಿನ್ನ ಎದುರಾಳಿ ಬರುವವಳಲ್ಲ. ಅವಳು ನಮ್ಮೂರ ಗದ್ದೆಯಂಚಿನ ಕೊಕ್ಕರೆ. ಮೀನು ತಾನಾಗಿ ಕಾಲ ಬುಡಕ್ಕೆ ಬರುವವರೆಗೆ ಕದಲುವುದಿಲ್ಲ. ಅವಳ ಎರಡು ಪಂದ್ಯಗಳನ್ನು ನೀನೇ ಮೊಬೈಲಿನಲ್ಲಿ ತೋರಿಸಿದೆ. ಎರಡರಲ್ಲೂ ಎದುರಿನವರ ಮುಷ್ಟಿ ಗಾಳಿಗೆ ಹೋಯಿತು, ಹೋದ ಕ್ಷಣದಲ್ಲೇ ಅವಳ ಬಲಗೈ ಬಂತು.

ಹೋಲಿಸುವುದಾದರೆ ನಾವಿಬ್ಬರೂ ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲದ ಆ ಪಂದ್ಯಕ್ಕೇ ಹೋಲಿಸಬೇಕು. 2014ರ ಮೇ 3, ಲಾಸ್ ವೇಗಸ್. 45 ಪಂದ್ಯಗಳಲ್ಲಿ ಸೋಲೇ ಕಾಣದ ಫ್ಲಾಯ್ಡ್ ಮೇವೆದರ್ ಎದುರು ಅರ್ಜೆಂಟೀನಾದ ಮಾರ್ಕೋಸ್ ಮೈದಾನಾ. ಚಿಕ್ಕವಳಿದ್ದಾಗ ಆ ಹೆಸರು ಕೇಳಿದರೆ ಸಾಕು, 'ಆಟದ ಮೈದಾನ' ಎಂದು ಕುಣಿಯುತ್ತಿದ್ದೆ. ಮೇವೆದರ್ ಎಡಗೈಯನ್ನು ಹೊಟ್ಟೆಗೆ ಅಡ್ಡ ಇಟ್ಟು, ಎಡ ಭುಜವನ್ನು ಗಲ್ಲದವರೆಗೆ ಎತ್ತಿ, ಬಂದ ಪೆಟ್ಟನ್ನು ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರಿಸಿಬಿಡುತ್ತಿದ್ದ. ಮೈದಾನಾ ಅವನನ್ನು ಹಗ್ಗಕ್ಕೆ ಒತ್ತಿ, ಅದೇ ಭುಜದ ಮೇಲಿಂದ ಬಲಗೈಯನ್ನು ಒನಕೆಯಂತೆ ಇಳಿಸಿದ. ಎಸೆದ ಪೆಟ್ಟು 858, ತಾಗಿದ್ದು 221. ಮೇವೆದರ್ ಎಸೆದದ್ದು 426, ತಾಗಿದ್ದು 230.

ಊಟದ ಹೊತ್ತಿನಲ್ಲಿ ನಾನು ಈ ಲೆಕ್ಕವನ್ನೇ ನಿನ್ನ ಮುಂದೆ ಎಸೆದೆ. 'ಎರಡು ಪಟ್ಟು ದುಡಿದರೂ ಒಂಬತ್ತು ಪೆಟ್ಟು ಕಡಿಮೆ. ನಿನಗೆ ನೂರಕ್ಕೆ ಹತ್ತೂ ಅವಕಾಶವಿಲ್ಲ' ಎಂದೆ. ತೀರ್ಪುಗಾರರು ಮೇವೆದರ್‌ಗೆ 117-111, 116-112 ಕೊಟ್ಟರು ಎಂದೆ. ಮೂರನೆಯ ತೀರ್ಪುಗಾರ 114-114 ಎಂದು ಸಮ ಕೊಟ್ಟದ್ದು ನನಗೆ ಚೆನ್ನಾಗಿ ಗೊತ್ತಿತ್ತು. ಬೇಕೆಂದೇ ಹೇಳಲಿಲ್ಲ. ಅದು ನಾನು ಮಾಡಿದ ಮೋಸ.

ಇನ್ನೊಂದನ್ನೂ ಹೇಳಲಿಲ್ಲ. ಮೈದಾನಾ ಮೊದಲ ನಾಲ್ಕೈದು ಸುತ್ತು ಅವನಿಗೆ ಉಸಿರಾಡಲು ಬಿಡಲಿಲ್ಲ. ಆಮೇಲೆ ಮೇವೆದರ್ ಅವನನ್ನು ಓದಿಕೊಂಡ, ಹಗ್ಗ ಬಿಟ್ಟು ರಿಂಗಿನ ನಡುವೆ ಬಂದ. ಸೆಪ್ಟೆಂಬರ್ 13ರಂದು ಮತ್ತೆ ಎದುರಾದಾಗ ಮೂವರು ತೀರ್ಪುಗಾರರೂ ಮೇವೆದರ್‌ಗೇ ಗೆಲುವು ಕೊಟ್ಟರು. ಓದಲು ಅವನಿಗೆ 12 ಸುತ್ತು, 36 ನಿಮಿಷ ಇತ್ತು. ನಿನ್ನ ಪಂದ್ಯ ಮೂರು ಸುತ್ತು, 9 ನಿಮಿಷ. ಅವಳು ನಿನ್ನನ್ನು ಅಷ್ಟರಲ್ಲೇ ಓದಿ ಮುಗಿಸಬೇಕು. ನೂರಕ್ಕೆ ಹತ್ತು ಎಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನೂರಕ್ಕೆ 40 ಎನ್ನುತ್ತೇನೆ, ಮನಸ್ಸಿನಿಂದ ಹೇಳುತ್ತಿದ್ದೇನೆ.

ಹಾಗಿದ್ದರೆ ರಾತ್ರಿ ಏಕೆ ಹಾಗೆ ಆಡಿದೆ ಎನ್ನುವೆ. ಮೂರು ವರ್ಷದಿಂದ ನಿನಗೆ ಹೇಳದೆ ಇಟ್ಟುಕೊಂಡ ಒಂದು ವಿಷಯವಿದೆ.

ಠಾಣೆ ನಗರದಲ್ಲಿ ನೀನು ಆ ಪಂದ್ಯ ಗೆದ್ದ ಸಂಜೆ. ಎದುರಿನ ಹುಡುಗಿ ನಿನಗಿಂತ ಎತ್ತರ. ನೀನು ಒಂದು ಹೆಜ್ಜೆಯೂ ಹಿಂದೆ ಇಡದೆ, ಅವಳು ಹೊಡೆದದ್ದನ್ನೆಲ್ಲ ತಿನ್ನುತ್ತಲೇ ಮುಂದೆ ಹೋಗಿ ಗೆದ್ದೆ. ನಾವು ಸ್ಲೋ ಲೋಕಲ್ ಹಿಡಿದೆವು. ನಿನಗೆ ಕಿಟಕಿ ಪಕ್ಕ ಜಾಗ ಸಿಕ್ಕಿತು. ಪದಕ ಜೇಬಿನೊಳಗೆ, ಅದರ ರಿಬ್ಬನ್ ಹೊರಗೆ ನೇತಾಡುತ್ತಿತ್ತು. ಮುಂದಿನ ಸ್ಟೇಷನ್ ಕಳವಾ ಬಂದಾಗ ನೀನು ಕೇಳಿದೆ: 'ಅಪ್ಪಯ್ಯ, ಕೊನೆಯ ಸುತ್ತು ನಾನೇ ಗೆದ್ದೆನಾ?' 'ನೀನೇ ಗೆದ್ದೆ, ಐವರು ತೀರ್ಪುಗಾರರಲ್ಲಿ ನಾಲ್ವರು ನಿನಗೇ ಕೊಟ್ಟರು' ಎಂದೆ. ನಕ್ಕೆ. ಮುಂಬ್ರಾದಲ್ಲಿ ಅದೇ ಪ್ರಶ್ನೆ ಬಂತು, ಅದೇ ಸ್ವರದಲ್ಲಿ. ಖುಷಿಗೆ ಮತ್ತೆ ಕೇಳುತ್ತಿದ್ದೀಯೆ ಎಂದುಕೊಂಡು ಅದೇ ಉತ್ತರ ಕೊಟ್ಟೆ. ನೀನು ಹಾಗೆಯೇ ನಕ್ಕೆ. ದಿವಾದಲ್ಲಿ ಮೂರನೆಯ ಸಲ. ಆಗ ತಿರುಗಿ ನಿನ್ನ ಮುಖ ನೋಡಿದೆ. ಮೊದಲ ಸಲ ಕೇಳುವವರ ಮುಖ ಅದು. ನನ್ನ ಹಿಂದಿನ ಎರಡು ಉತ್ತರಗಳು ನಿನ್ನೊಳಗೆ ಎಲ್ಲಿಯೂ ಇರಲಿಲ್ಲ.

ಕೋಪರದಲ್ಲಿ ನೀನು ಏನೂ ಕೇಳಲಿಲ್ಲ. ಅಷ್ಟಕ್ಕೇ ನಾನು ಸಮಾಧಾನ ಮಾಡಿಕೊಂಡೆ. ಸ್ಟೇಷನ್ನಿನಿಂದ ಮನೆಗೆ ಬರುವ ದಾರಿಯಲ್ಲಿ ಎರಡು ದವಾಖಾನೆಗಳ ದೀಪ ಉರಿಯುತ್ತಿತ್ತು. ಎರಡನ್ನೂ ದಾಟಿ ಬಂದೆ. ಅಮ್ಮನಿಗೆ 'ದಣಿದಿದ್ದಾಳೆ, ಮಲಗಲಿ' ಎಂದೆ. ರಾತ್ರಿಯಿಡೀ ನಿನ್ನ ಬಾಗಿಲ ಬಳಿ ಕುಳಿತು ಉಸಿರಾಟ ಕೇಳಿಸಿಕೊಂಡೆ. ಬೆಳಿಗ್ಗೆ ನೀನು ಮೂರು ದೋಸೆ ತಿಂದೆ, ಎಲ್ಲ ಸರಿಯಾಗಿದೆ ಎಂದು ನನ್ನನ್ನು ನಾನೇ ನಂಬಿಸಿದೆ. ನಾಲ್ಕನೆಯ ದಿನ ನೀನು ಮತ್ತೆ ಗ್ಲೌಸ್ ತೊಟ್ಟೆ. ತಲೆಗೆ ಪೆಟ್ಟು ಬಿದ್ದು ರೆಫರಿ ಪಂದ್ಯ ನಿಲ್ಲಿಸಿದ್ದರೆ ನಿಯಮದಂತೆ ಕನಿಷ್ಠ 30 ದಿನ ನಿನ್ನನ್ನು ರಿಂಗಿಗೆ ಇಳಿಸುತ್ತಿರಲಿಲ್ಲ. ಗೆದ್ದವಳನ್ನು ಯಾರು ನಿಲ್ಲಿಸುತ್ತಾರೆ? ನಿಲ್ಲಿಸಬೇಕಾಗಿದ್ದವನು ನಾನು. ನಾನು ಗಲ್ಲಾದಲ್ಲಿ ಕುಳಿತು, ಬಿಲ್ಲು ಕೊಡಲು ಬಂದವರಿಗೆಲ್ಲ ನಿನ್ನ ಪದಕದ ಫೋಟೊ ತೋರಿಸುತ್ತಿದ್ದೆ. 13 ವರ್ಷಕ್ಕೆ ಕುಂದಾಪುರದಿಂದ ಬಂದು, ಹಗಲೆಲ್ಲ ಮಾಟುಂಗಾದ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸಿದವನ ಮಗಳು ಪದಕ ತಂದಿದ್ದಳು. ಆ ಹೆಮ್ಮೆ ಇಂದಿಗೂ ಇದೆ. ಅದೇ ಹೆಮ್ಮೆ ಅಂದು ನನ್ನ ಬಾಯಿ ಕಟ್ಟಿತು.

ಆ ದಿನದಲ್ಲಿ ನಿನಗೆ ನೆನಪಿರುವುದು ಎರಡೇ: ರೆಫರಿ ನಿನ್ನ ಕೈ ಎತ್ತಿದ್ದು, ಬಾಗಿಲಲ್ಲಿ ಅಮ್ಮ ಆರತಿ ಎತ್ತಿದ್ದು. ನಡುವಿನ ಆ ಪ್ರಯಾಣ ನಿನ್ನಲ್ಲಿ ಇಲ್ಲ, ನನ್ನಲ್ಲಿ ಮಾತ್ರ ಇದೆ. ಈಗಲೂ ಗಾಡಿ ದಿವಾದಲ್ಲಿ ನಿಂತರೆ ನನಗೆ ನಿನ್ನ ಆ ಸ್ವರ ಕೇಳುತ್ತದೆ. ಪ್ರತಿದಿನ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ.

ಮೈದಾನಾ 221 ಪೆಟ್ಟು ಕೊಟ್ಟ ಎಂದು ನೀನು ಸಂಭ್ರಮಿಸುತ್ತೀಯೆ. ಆ ಇನ್ನೊಂದು 230 ಬಿದ್ದದ್ದು ಯಾರ ಮೇಲೆ? ನೀನು ಸೋಲುತ್ತೀಯೆಂದು ನಾನು ಹೆದರಿಲ್ಲ. ಠಾಣೆಯಲ್ಲಿ ಗೆದ್ದಂತೆ ಪುಣೆಯಲ್ಲೂ ಗೆಲ್ಲುತ್ತೀಯೆಂದು ಹೆದರಿದ್ದೇನೆ. ಶಿರಸ್ತ್ರಾಣವಿದೆ ಎನ್ನಬೇಡ. ಅದು ಹುಬ್ಬು ಒಡೆಯದಂತೆ ಕಾಯುತ್ತದೆ, ಒಳಗೆ ಮೆದುಳು ಕುಲುಕುವುದನ್ನು ತಡೆಯುವುದಿಲ್ಲ.

ಹಾಗಾಗಿ ಕೇಳು. ಅವಳ ತಲೆಯ ಹಿಂದೆ ಓಡಬೇಡ. ತಲೆ ತಪ್ಪಿಸಿಕೊಳ್ಳುತ್ತದೆ, ಪಕ್ಕೆಲುಬು ಅಷ್ಟು ಬೇಗ ತಪ್ಪಿಸಿಕೊಳ್ಳಲಾರದು. ಸ್ವಚ್ಛವಾಗಿ ತಾಗಿದರೆ ಅದಕ್ಕೂ ತೀರ್ಪುಗಾರರಲ್ಲಿ ಬೆಲೆಯಿದೆ. ಹುಸಿ ಪೆಟ್ಟು ತೋರಿಸು, ಅರ್ಧ ಹೆಜ್ಜೆ ಇಟ್ಟು ನಿಲ್ಲು. ಅವಳ ಬಲಗೈ ಮೊದಲು ಹೊರಬರಲಿ, ಅದು ಹಿಂದಕ್ಕೆ ಹೋಗುವಾಗ ನುಗ್ಗು. ಹೊಡೆದ ಮೇಲೆ ಅಲ್ಲೇ ನಿಲ್ಲಬೇಡ, ನಿನ್ನ ಬಲಕ್ಕೆ ಸರಿ. ಎಡಕ್ಕೆ ಸರಿದರೆ ಅವಳ ಬಲಗೈಯ ದಾರಿಗೇ ಹೋಗುತ್ತೀಯೆ. ಮತ್ತೆ ನಿನ್ನ ಹಳೆಯ ಚಾಳಿ: ಜಾಬ್ ಹಾಕಿದ ಎಡಗೈ ಹಿಂದೆ ಬರುವಾಗ ಸೊಂಟಕ್ಕೆ ಇಳಿಯುತ್ತದೆ. ಅದು ನೇರವಾಗಿ ಗಲ್ಲಕ್ಕೆ ಬರಬೇಕು. ಅವಳು ಕಾಯುವುದೇ ಆ ಒಂದು ಕ್ಷಣಕ್ಕೆ. ಇದನ್ನೆಲ್ಲ ನಿನ್ನ ಸರ್ ನೂರು ಸಲ ಹೇಳಿರುತ್ತಾರೆ, ರಿಂಗಿನೊಳಗೆ ಒಂದು ದಿನವೂ ಕಾಲಿಡದ ನಾನು ಹೇಳಬೇಕಾಗಿಲ್ಲ. ಆದರೂ ಎಡಗೈ ಗಲ್ಲಕ್ಕೆ, ಮಗಳೇ.

ನೀನು ಮಲಗಿದ ಮೇಲೆ ಅಮ್ಮನಿಗೆ ದಿವಾದ ವಿಷಯ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ 'ಅವಳ ತಲೆಯ ವಿಷಯ ಅವಳಿಗೇ ಹೇಳದೆ ಇಟ್ಟುಕೊಂಡಿರಾ?' ಎಂದು ಕೇಳಿದಳು. ಅದಕ್ಕೇ ಈ ಪತ್ರ.

ಬೆಳಿಗ್ಗೆ ನಿನ್ನ ಸರ್‌ಗೂ ಫೋನ್ ಮಾಡಿ ಎಲ್ಲ ಹೇಳುತ್ತೇನೆ. ಪಂದ್ಯಕ್ಕೆ ಮುನ್ನ ಪರೀಕ್ಷಿಸುವ ಡಾಕ್ಟರಿಗೆ ನೀನೇ ಹೇಳು. ಅವರು ಇಳಿಯಬೇಡ ಎಂದರೆ ಇಳಿಯಬೇಡ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ಇಳಿ ಎಂದರೆ ಚೆನ್ನಾಗಿ ಆಡು. ಕಣ್ಣ ಮುಂದೆ ಮಂಜು ಕವಿದರೆ, ಎಷ್ಟನೆಯ ಸುತ್ತು ಎಂದು ಗೊಂದಲವಾದರೆ, ಗೆಲ್ಲುತ್ತಿದ್ದರೂ ಕೈ ಎತ್ತಿ ಸರ್‌ಗೆ ಹೇಳು.

ಕೈಪಟ್ಟಿಗಳನ್ನು ಒಗೆದು, ಬಾಲ್ಕನಿಯಲ್ಲಿ ಒಣಗಿಸಿ, ಹೆಬ್ಬೆರಳ ಕುಣಿಕೆ ಹೊರಗೆ ಬರದಂತೆ ಸುತ್ತಿಟ್ಟಿದ್ದೇನೆ. ಸ್ಟೀಲ್ ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ ಇದೆ, ತೂಕ ಕೊಟ್ಟ ಮೇಲೆ ತಿನ್ನು.

ಪಂದ್ಯ ಮುಗಿದೊಡನೆ ಫೋನ್ ಮಾಡು. ಕೊನೆಯ ಸುತ್ತು ಯಾರು ಗೆದ್ದರು ಎಂದು ಕೇಳುತ್ತೇನೆ. ಹತ್ತು ನಿಮಿಷ ಬಿಟ್ಟು ನಾನೇ ಫೋನ್ ಮಾಡಿ ಅದನ್ನೇ ಮತ್ತೆ ಕೇಳುತ್ತೇನೆ. ರಾತ್ರಿ ಇನ್ನೊಮ್ಮೆ ಕೇಳುತ್ತೇನೆ. 'ಆಗಲೇ ಹೇಳಿದೆನಲ್ಲ ಅಪ್ಪಯ್ಯ' ಎಂದು ನೀನು ಬಯ್ಯಬೇಕು.

ನಿನ್ನ,
ಅಪ್ಪಯ್ಯ