ರಾನ್ ರಿವೆರಾ ಅವರಿಗೂ, ಗಂಜಿ ಕಳಿಸಿದ ನಿಮಗೂ

ಕಳೆದ ವಾರ ನನ್ನ ರೇಡಿಯೇಷನ್ ಮುಗಿಯಿತು. ಕುತ್ತಿಗೆಯ ಗಂಟು ಕ್ಯಾನ್ಸರ್ ಅಂತ ಗೊತ್ತಾದಾಗಿನಿಂದ ಜೊತೆಗಿದ್ದವರಿಗೆಲ್ಲ ಥ್ಯಾಂಕ್ಸ್ ಹೇಳಬೇಕು.

ಮೊದಲು, ನಾನು ಯಾರು ಅಂತಲೂ ಗೊತ್ತಿಲ್ಲದ ಒಬ್ಬರಿಗೆ: ರಾನ್ ರಿವೆರಾ. ವರ್ಜೀನಿಯಾದಲ್ಲಿರುವ ನಮಗೆ ಅಮೆರಿಕನ್ ಫುಟ್‌ಬಾಲ್ ಅಂದರೆ ವಾಷಿಂಗ್ಟನ್ ಟೀಮೇ. 2020ರಲ್ಲಿ ಅದಕ್ಕೆ ಹೆಡ್ ಕೋಚ್ ಆಗಿ ಬಂದ ರಿವೆರಾ, ಆಗಸ್ಟ್‌ನಲ್ಲಿ ತಮಗೆ ಕ್ಯಾನ್ಸರ್ ಇದೆ ಅಂತ ಎಲ್ಲರಿಗೂ ತಿಳಿಸಿದರು. ಕುತ್ತಿಗೆಯ ಗಂಟನ್ನು ಮೊದಲು ಗಮನಿಸಿದ್ದು ಅವರೇ.

ಸೆಪ್ಟೆಂಬರ್ 13, ಫಿಲಡೆಲ್ಫಿಯಾ ಈಗಲ್ಸ್ ವಿರುದ್ಧ ಸೀಸನ್ನಿನ ಮೊದಲ ಮ್ಯಾಚು. ಹಾಫ್ ಟೈಮಿನಲ್ಲಿ ಡ್ರಿಪ್ ಹಾಕಿಸಿಕೊಂಡು ರಿವೆರಾ ಮತ್ತೆ ಬಂದು ನಿಂತರು. ಒಂದು ಹಂತದಲ್ಲಿ 17–0 ಹಿಂದಿದ್ದ ಟೀಮು 27–17ಕ್ಕೆ ಗೆದ್ದಿತು. ಆ ಗೆಲುವಿಗಿಂತ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಡ್ರಿಪ್ ವಿಷಯ ಮುಚ್ಚಿಡದೆ ಹೇಳಿದ ರೀತಿ. ತಮಗೆ ಬರಲಾಗದ ದಿನ ಟೀಮು ನೋಡಿಕೊಳ್ಳಲು ಸಹಾಯಕ ಕೋಚ್ ಜ್ಯಾಕ್ ಡೆಲ್ ರಿಯೊ ಅವರಿಗೆ ಮೊದಲೇ ಒಪ್ಪಿಸಿಟ್ಟಿದ್ದರು. ಅದನ್ನು ನೆನೆದೇ ನಾನೂ ಆಫೀಸಿನಲ್ಲಿ ಸಹಾಯ ಕೇಳಿದೆ. ಇಲ್ಲದಿದ್ದರೆ ಸುಮ್ನೆ ಹಲ್ಲು ಕಚ್ಚಿಕೊಂಡು ಇರುತ್ತಿದ್ದೆ.

ಚಿಕಿತ್ಸೆಯ ರಾತ್ರಿಗಳಲ್ಲಿ ಅವರ ಹಳೆಯ ಕಥೆಯನ್ನೆಲ್ಲ ಹುಡುಕಿ ಓದಿದೆ. ಚಿಕಾಗೊ ಬೇರ್ಸ್ ಟೀಮಿನಲ್ಲಿ 9 ಸೀಸನ್ ಲೈನ್‌ಬ್ಯಾಕರ್, ಅಂದರೆ ಎದುರಾಳಿಗಳನ್ನು ತಡೆಯುವ ಆಟಗಾರ. 1985ರ ಸೀಸನ್ನಿನಲ್ಲಿ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದ ತಂಡದಲ್ಲಿದ್ದರು. ಹಾಗಿದ್ದೂ 1997ರಲ್ಲಿ ಅದೇ ಬೇರ್ಸ್‌ಗೆ ತೀರಾ ಕೆಳಗಿನ ಸಹಾಯಕ ಕೋಚ್ ಆಗಿ ಸೇರಿದರು. ಗೆದ್ದವರು ಮತ್ತೆ ಕೆಳಗಿನಿಂದ ಶುರು ಮಾಡೋದು ಸುಲಭವಲ್ಲ, ಅಲ್ವಾ? ಹೆಡ್ ಕೋಚ್ ಆಗಲು 2011ರವರೆಗೆ ಕಾದರು. 2015ರಲ್ಲಿ ಅವರ ಕ್ಯಾರೊಲಿನಾ ಪ್ಯಾಂಥರ್ಸ್ 15 ಗೆದ್ದು 1 ಮಾತ್ರ ಸೋತರೂ ಸೂಪರ್ ಬೌಲ್ ಕೈತಪ್ಪಿತು. 2019ರ ಡಿಸೆಂಬರ್‌ನಲ್ಲಿ ಕೆಲಸವೇ ಹೋಯಿತು. ವಾಷಿಂಗ್ಟನ್‌ಗೆ ಬಂದದ್ದು ಅದರ ಮರುತಿಂಗಳು!

ಅಕ್ಟೋಬರ್ ಕೊನೆಗೆ ಅವರ ಚಿಕಿತ್ಸೆ ಮುಗಿಯಿತು. ಟೀಮು ಆ ವರ್ಷ 7 ಗೆದ್ದು 9 ಸೋತರೂ ತನ್ನ ಗುಂಪಿನಲ್ಲಿ ಮೊದಲು ಬಂತು. 2021ರ ಜನವರಿಯಲ್ಲಿ ಕ್ಯಾನ್ಸರ್ ಇಲ್ಲ ಅಂತ ರಿಪೋರ್ಟ್ ಬಂತು. ಅದನ್ನು ನಾನು ಎಷ್ಟು ಸಲ ಓದಿದೆನೋ.

ಇನ್ನು ನೀವು. ಬಾಯಿ ಒಣಗಿ, ಅನ್ನ ಮಣ್ಣಿನ ಹಾಗೆ ಆಗಿದ್ದಾಗ ರಾಗಿ ಗಂಜಿ ಸೋಸಿ ಕಳಿಸಿದ ಪಕ್ಕದ ಬೀದಿಯ ಅಕ್ಕ, ಸರದಿಯ ಮೇಲೆ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದ ಕನ್ನಡ ಸಂಘದ ಗೆಳೆಯರು, ರೇಡಿಯೇಷನ್ ಹೊತ್ತಿನಲ್ಲಿ ತಲೆ ಅಲುಗಾಡದಂತೆ ಮುಖಕ್ಕೆ ಮಾಸ್ಕ್ ಬಿಗಿಯುವಾಗ ನನ್ನ ಕೈ ಹಿಡಿದುಕೊಂಡ ನರ್ಸಮ್ಮ, ಮಕ್ಕಳಿಗೆ ದಿನಾ ಹೋಂವರ್ಕ್ ಮಾಡಿಸಿದ ನನ್ನ ತಮ್ಮ. ನಿಮ್ಮೆಲ್ಲರ ಋಣ ದೊಡ್ಡದು. ಗಂಟಲು ಸರಿಯಾದ ಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡುತ್ತೇನೆ.