ಪೆಟ್ಟಿಗೆ ನುಡಿಸುತ್ತಿದ್ದ ವಿಮರ್ಶಕ

ಪ್ರಿಯ ಗೆಳೆಯ,

"ಇನ್ನು ನಾಟಕದ ವಿಮರ್ಶೆ ಬರೆಯೋದೇ ಇಲ್ಲ ಮಾರಾಯ, ಬರೆದರೆ ಸ್ನೇಹ ಉಳಿಯಲ್ಲ" ಅಂತ ಮೊನ್ನೆ ಫೋನಿನಲ್ಲಿ ಅಂದೆಯಲ್ಲ, ಆಗಿನಿಂದ ರಂಗವಿಮರ್ಶಕ ಎರಿಕ್ ಬೆಂಟ್ಲಿ ತಲೆಯಲ್ಲೇ ಇದ್ದಾನೆ. ನಿನಗೆ ಮುನಿಸಿಕೊಂಡವನು ಒಬ್ಬ ನಿರ್ದೇಶಕ. ಬೆಂಟ್ಲಿಯ ಮೇಲೆ ಕೇಸು ಹಾಕುತ್ತೇವೆ ಅಂತ ಹೊರಟವರು ಅಮೆರಿಕದ ದೊಡ್ಡ ನಾಟಕಕಾರರಾದ ಆರ್ಥರ್ ಮಿಲ್ಲರ್ ಮತ್ತು ಟೆನೆಸೀ ವಿಲಿಯಮ್ಸ್!

ಹುಟ್ಟಿದ್ದು 1916ರಲ್ಲಿ, ಇಂಗ್ಲೆಂಡಿನ ಬೋಲ್ಟನ್ನಿನಲ್ಲಿ. ಆಕ್ಸ್‌ಫರ್ಡ್ ಮುಗಿಸಿ ಯೇಲ್‌ಗೆ ಓದಲು ಹೋದವನು ಅಮೆರಿಕದವನೇ ಆಗಿಬಿಟ್ಟ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಾಟಕ ಸಾಹಿತ್ಯದ ಪ್ರೊಫೆಸರ್, 1952ರಿಂದ ನಾಲ್ಕು ವರ್ಷ 'ನ್ಯೂ ರಿಪಬ್ಲಿಕ್' ಪತ್ರಿಕೆಯ ರಂಗವಿಮರ್ಶಕ. ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳ ಚಪ್ಪಾಳೆಗೆಲ್ಲ ತಲೆದೂಗುವ ಜಾಯಮಾನ ಅವನದಲ್ಲ. ನಾಟಕಕಾರ ಅಂದರೆ ಯೋಚಿಸುವವನು ಅಂತ ಇಬ್ಸನ್, ಶಾ, ಸ್ಟ್ರಿಂಡ್‌ಬರ್ಗ್, ಪಿರಾಂಡೆಲೊ ಇವರನ್ನೆಲ್ಲ ಮುಂದಿಟ್ಟುಕೊಂಡು 1946ರಲ್ಲೇ ಒಂದು ಪುಸ್ತಕ ಬರೆದಿದ್ದ. ನಾಟಕ ಅಂದರೇನು ಅನ್ನುವುದಕ್ಕೆ ಅವನು ಕೊಟ್ಟ ಸೂತ್ರವಂತೂ ನಿನಗೆ ಗೊತ್ತು: ಒಬ್ಬ ಇನ್ನೊಬ್ಬನ ವೇಷ ಹಾಕುತ್ತಾನೆ, ಮೂರನೆಯವನು ನೋಡುತ್ತಾನೆ. ನಾನೂ ನೀನೂ ಆ ಮೂರನೆಯವರು.

ಆದರೆ ಅವನು ಅಲ್ಲೇ ಕೂರಲಿಲ್ಲ, ನನಗಿಷ್ಟವಾಗುವುದು ಅದೇ. ನಲವತ್ತರ ದಶಕದ ಮೊದಲಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದೇಶಭ್ರಷ್ಟ ಜರ್ಮನ್ ನಾಟಕಕಾರ ಬ್ರೆಕ್ಟ್ ಸಿಕ್ಕಿದ. ಅವನನ್ನು ಅಮೆರಿಕ ಆಗ ಹೆಚ್ಚೇನೂ ಮೂಸಿ ನೋಡಿರಲಿಲ್ಲ. ಬೆಂಟ್ಲಿ ಅವನ ನಾಟಕಗಳನ್ನು ಇಂಗ್ಲಿಷಿಗೆ ತಂದ, 1950ರಲ್ಲಿ ಮ್ಯೂನಿಕ್‌ಗೆ ಹೋಗಿ ಅವನ 'ಮದರ್ ಕರೇಜ್' ನಾಟಕದ ತಾಲೀಮಿನಲ್ಲಿ ಬ್ರೆಕ್ಟನ ಜೊತೆ ಕೆಲಸ ಮಾಡಿದ. ಹಾಗಂತ ಶಿಷ್ಯನಾಗಲಿಲ್ಲ, ಬ್ರೆಕ್ಟನ ರಾಜಕೀಯದ ಜೊತೆ ಜಗಳ ಇದ್ದೇ ಇತ್ತು. ಹತ್ತಿರದವನನ್ನು ಹೊಗಳದೆ, ದೂರ ತಳ್ಳದೆ ಬರೆಯುವುದು ಎಷ್ಟು ಕಷ್ಟ ಅಂತ ನಿನಗೆ ಹೇಳಬೇಕೆ?

1969ರಲ್ಲಿ ಕೊಲಂಬಿಯಾದ ಭದ್ರ ಕುರ್ಚಿ ಬಿಟ್ಟ. ತಾನು ಸಲಿಂಗಿ ಅಂತ ಬಹಿರಂಗವಾಗಿ ಹೇಳಿಕೊಂಡದ್ದೂ ಆ ಹೊತ್ತಿಗೇ. ಎರಡು ಮದುವೆಯಾಗಿದ್ದವನು, ಐವತ್ತು ದಾಟಿದವನು. ಆಮೇಲೆ ನಾಟಕ ಬರೆಯಲು ಕೂತ. ಕಮ್ಯುನಿಸ್ಟರೆಂಬ ಗುಮಾನಿಯಲ್ಲಿ ಕಲಾವಿದರನ್ನು ಕರೆಸಿ ಕೇಳಿದ ಸರ್ಕಾರಿ ವಿಚಾರಣೆಗಳ ದಾಖಲೆಯಿಂದಲೇ ಮಾತು ಆಯ್ದು 1972ರಲ್ಲಿ ರಂಗಕ್ಕೆ ತಂದ ನಾಟಕ ಅವುಗಳಲ್ಲಿ ದೊಡ್ಡದು. 'ನೀನು ಈಗ ಆಗಿದ್ದೀಯಾ, ಹಿಂದೆಂದಾದರೂ ಆಗಿದ್ದೆಯಾ' ಅನ್ನುವ, ವಿಚಾರಣೆಯ ಆ ಕುಖ್ಯಾತ ಪ್ರಶ್ನೆಯೇ ನಾಟಕದ ಹೆಸರು. ನಟ ಬಾಯಲ್ಲಿ ಹೇಳಿದಾಗ ಸರ್ಕಾರಿ ಕಾಗದವೂ ನಡುಕ ಹುಟ್ಟಿಸುತ್ತದೆ.

ಇನ್ನೊಂದು. ಈ ಪ್ರೊಫೆಸರ್ ಹಾರ್ಮೋನಿಯಂ ನುಡಿಸುತ್ತ ಬ್ರೆಕ್ಟನ ಹಾಡುಗಳನ್ನು ಹಾಡುತ್ತಿದ್ದ, ಫೋಕ್‌ವೇಸ್ ಕಂಪನಿ ರೆಕಾರ್ಡೂ ಮಾಡಿತು. ಕಂಠ ಅಷ್ಟಕ್ಕಷ್ಟೇ, ಆದರೆ ಅದೇನು ಹುರುಪು! ನಮ್ಮ ಕಂಪನಿ ನಾಟಕದ ಪೆಟ್ಟಿಗೆ ಮಾಸ್ತರನೇ ನ್ಯೂಯಾರ್ಕಿಗೆ ಹೋಗಿ ಕೂತ ಹಾಗೆ. 2020ರ ಆಗಸ್ಟಿನಲ್ಲಿ, 103 ವರ್ಷ ತುಂಬಿದ್ದಾಗ, ಅಲ್ಲೇ ತೀರಿಕೊಂಡ.

ನಿಮ್ಮಪ್ಪನ ಪೆಟ್ಟಿಗೆ ಇನ್ನೂ ಅಟ್ಟದ ಮೇಲೇ ಇದೆಯಾ? ದೀಪಾವಳಿಗೆ ಬಂದಾಗ ಇಳಿಸೋಣ. ಆ ನಿರ್ದೇಶಕನನ್ನೂ ಕರಿ.

ನಿನ್ನವ